ಚರ್ಚ್ ಸ್ಟ್ರೀಟ್: ಕಲ್ಲು ಹಾಸಿದ ಮೇಲೆ ಶುರುವಾಗುವ ಕೆಲಸ

ಬೆಂಗಳೂರಿನ ಎಂ.ಜಿ. ರಸ್ತೆಯ ಬೆನ್ನಿಗೇ, ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಚಾಚಿಕೊಂಡಿರುವ ಚರ್ಚ್ ಸ್ಟ್ರೀಟ್ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ಬೀದಿ. ಇಷ್ಟು ಚಿಕ್ಕ ಬೀದಿಯನ್ನು ಹತ್ತು ವರ್ಷದೊಳಗೆ ಒಮ್ಮೆ ಪೂರ್ತಿ ಅಗೆದದ್ದಾಯಿತು, ಡಾಂಬರು ತೆಗೆದು ಗ್ರಾನೈಟ್ ಕಲ್ಲು ಹಾಸಿದ್ದಾಯಿತು, ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಿ ನೋಡಿದ್ದಾಯಿತು, ಮತ್ತೆ ಬಿಟ್ಟದ್ದಾಯಿತು. ಅಷ್ಟರಲ್ಲಿ ಕಲ್ಲು ಎದ್ದವು. ಕೊನೆಗೆ ಬೀದಿಯನ್ನು ಖಾಸಗಿ ಪ್ರತಿಷ್ಠಾನವೊಂದು ದತ್ತು ತೆಗೆದುಕೊಂಡಿತು. ನಗರದ ವ್ಯಾಪಾರ ಕೇಂದ್ರದ ಬೀದಿಯೊಂದನ್ನು ಸುಧಾರಿಸಲು ಹೊರಟವರು ಎದುರಿಸಬೇಕಾದ ಬಹುತೇಕ ಎಲ್ಲ ಪ್ರಶ್ನೆಗಳೂ ಇಲ್ಲಿ ಎದ್ದಿವೆ. ಕೆಲವಕ್ಕೆ ಉತ್ತರ ಸಿಕ್ಕಿದೆ, ಕೆಲವನ್ನು ಯಾರೂ ಮುಟ್ಟಿಲ್ಲ.

ಎಂ.ಜಿ. ರಸ್ತೆ ಇನ್ನೂ ಸೌತ್ ಪರೇಡ್ ಆಗಿದ್ದ ಕಾಲದಿಂದಲೂ ಈ ಬೀದಿ ಅದರ ಹಿಂಬಾಗಿಲಿನ ಹಾಗೆ ಇತ್ತು. ಮುಂದಿನ ರಸ್ತೆಯಲ್ಲಿ ಷೋರೂಮು, ಹಿಂದಿನ ಬೀದಿಯಲ್ಲಿ ಸರಕು ಇಳಿಸುವ ಜಾಗ. ಬಾಡಿಗೆ ಕಡಿಮೆ ಇದ್ದುದರಿಂದ ಪುಸ್ತಕದಂಗಡಿಗಳು, ಸಣ್ಣ ಹೋಟೆಲುಗಳು, ಬಾರುಗಳು ಇಲ್ಲಿ ಬೇರೂರಿದವು. 2009ರಲ್ಲಿ ಎಂ.ಜಿ. ರಸ್ತೆಯ ಜಾಗ ಬಿಡಬೇಕಾಗಿ ಬಂದ ಇಂಡಿಯಾ ಕಾಫಿ ಹೌಸ್ ಕೂಡ ಇಲ್ಲಿಗೇ ಬಂತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ಮೆಟ್ರೊ ಓಡಿದ ಮೇಲೆ ಲೆಕ್ಕಾಚಾರವೇ ಬದಲಾಯಿತು. ರೈಲಿಳಿದವರಿಗೆ ನಾಲ್ಕು ಹೆಜ್ಜೆಯ ದೂರದಲ್ಲಿ ಈ ಬೀದಿ ಸಿಗತೊಡಗಿತು. ಕಾರಿನಲ್ಲಿ ಬರುವವರಿಗಿಂತ ನಡೆದು ಬರುವವರು ಹೆಚ್ಚಾದರೂ ರಸ್ತೆಯ ಆಕಾರ ಮಾತ್ರ ಹಳೆಯದೇ ಉಳಿಯಿತು: ನಡುವೆ ಡಾಂಬರು, ಎರಡೂ ಬದಿ ನಿಂತ ಕಾರು, ಅವುಗಳಾಚೆ ಒಡೆದ ಚಪ್ಪಡಿಯ ಫುಟ್‌ಪಾತು.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಎಂಬ ಹೊಸ ಪದ್ಧತಿಯ ರಸ್ತೆಗಳು ಎದ್ದು ನಿಲ್ಲುತ್ತಿದ್ದವು. ಜನ ಅರ್ಬನ್ ಸ್ಪೇಸ್ ಫೌಂಡೇಶನ್ ರೂಪಿಸಿದ ಈ ಮಾದರಿಯಲ್ಲಿ ಮೊದಲ ಸುತ್ತಿಗೆ ಆರಿಸಿಕೊಂಡದ್ದು ವ್ಯಾಪಾರ ಕೇಂದ್ರದ ಏಳು ರಸ್ತೆಗಳನ್ನು: ವಿಠ್ಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ರಿಚ್‌ಮಂಡ್ ರಸ್ತೆ, ಮ್ಯೂಸಿಯಂ ರಸ್ತೆ, ಕಮಿಸರಿಯೆಟ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ. ಜನರ ಕಣ್ಣಿಗೆ ಬಿದ್ದದ್ದು ಅಗಲವಾದ ಫುಟ್‌ಪಾತು. ನಿಜವಾದ ಕೆಲಸ ಅದರ ಕೆಳಗಿತ್ತು. ನೀರು, ಒಳಚರಂಡಿ, ಮಳೆನೀರು, ವಿದ್ಯುತ್, ಇಂಟರ್ನೆಟ್ಟಿನ ಆಪ್ಟಿಕಲ್ ಫೈಬರ್ ಕೇಬಲ್ ಎಲ್ಲವನ್ನೂ ವಾಹನ ಓಡುವ ಜಾಗದಿಂದ ಎತ್ತಿ ಫುಟ್‌ಪಾತಿನ ಅಡಿಗೆ ತರುವುದು, ಒಂದೊಂದಕ್ಕೂ ಪ್ರತ್ಯೇಕ ಕೊಳವೆ ಅಥವಾ ಡಕ್ಟು ಕೊಡುವುದು, ಅಲ್ಲಲ್ಲಿ ಚೇಂಬರ್ ಇಡುವುದು. ಮುಂದೆ ಕೇಬಲ್ ಎಳೆಯುವವನು ಮುಚ್ಚಳ ತೆಗೆದು ಎಳೆದುಕೊಳ್ಳಬೇಕು, ಪಿಕಾಸಿ ಎತ್ತಬಾರದು ಎಂಬುದು ತತ್ವ. ಚರ್ಚ್ ಸ್ಟ್ರೀಟಿಗೆ ಇದೇ ಪದ್ಧತಿಯನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ವಿನ್ಯಾಸದಲ್ಲಿ ವಾಹನದ ಜಾಗಕ್ಕೂ ಗ್ರಾನೈಟ್ ಕಲ್ಲೇ ಬಂತು. ಬೀದಿ ಮೊದಲು ನಡೆಯುವವರದ್ದು, ವಾಹನಕ್ಕೆ ಇಲ್ಲಿ ಅನುಮತಿ ಮಾತ್ರ ಎಂಬುದನ್ನು ನೆಲವೇ ಹೇಳಬೇಕಿತ್ತು.

2017ರ ಆರಂಭದಲ್ಲಿ ಪಾಲಿಕೆ, ಅಂದರೆ ಆಗಿನ ಬಿ.ಬಿ.ಎಂ.ಪಿ., ಕೆಲಸ ಶುರು ಮಾಡಿತು. ಹೊಸ ಬೀದಿ ಜನರ ಬಳಕೆಗೆ ಪೂರ್ತಿಯಾಗಿ ಸಿಕ್ಕಿದ್ದು 2018ರ ಮೊದಲ ತಿಂಗಳುಗಳಲ್ಲಿ. ನಡುವೆ ಗಡುವುಗಳು ಮೀರಿದವು, ಅಂಗಡಿಯವರು ಗೋಳಾಡಿದರು.

ಅಗೆದಾಗ ಸಿಗುವುದು

ಇಂಥ ಕಾಮಗಾರಿ ತಡವಾಗುವುದು ಕಲ್ಲು ಹಾಸುವ ಹಂತದಲ್ಲಲ್ಲ, ಅಗೆಯುವ ಹಂತದಲ್ಲಿ. ಹಳೆಯ ದಂಡು ಪ್ರದೇಶದ ನೆಲದಡಿಯ ನಕ್ಷೆ ಯಾವ ಕಚೇರಿಯಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ. ಜಲಮಂಡಳಿಯ ಹತ್ತಿರ ಒಂದು ತುಣುಕು, ಬೆಸ್ಕಾಂ ಹತ್ತಿರ ಒಂದು ತುಣುಕು, ದೂರಸಂಪರ್ಕ ಕಂಪನಿಗಳು ರಾತ್ರೋರಾತ್ರಿ ಎಳೆದ ಕೇಬಲ್‌ಗಳ ಲೆಕ್ಕ ಯಾರ ಹತ್ತಿರವೂ ಇಲ್ಲ. ಕೆಲವು ಕಟ್ಟಡಗಳ ಮಲಿನ ನೀರಿನ ಕೊಳವೆ ಒಳಚರಂಡಿಗೆ ಸೇರುವ ಬದಲು ಮಳೆನೀರಿನ ಮೋರಿಗೆ ಸೇರಿರುತ್ತದೆ. ಅದು ಗೊತ್ತಾಗುವುದು ಮೋರಿ ಒಡೆದಾಗ.

ಹೀಗಾಗಿ ಟೆಂಡರ್ ಕರೆಯುವ ಮುನ್ನವೇ ಮಾಡಬೇಕಾದದ್ದು ಪರೀಕ್ಷಾ ಗುಂಡಿಗಳು. ರೇಡಾರ್ ಸಮೀಕ್ಷೆ ಮಾಡಿಸಿದರೆ ಒಳ್ಳೆಯದೇ, ಆದರೆ ಅದರ ಮೇಲಷ್ಟೇ ನೆಚ್ಚಿಕೊಳ್ಳುವಂತಿಲ್ಲ. ಒದ್ದೆಯಾದ ಜೇಡಿಮಣ್ಣಿನಲ್ಲಿ ರೇಡಾರ್ ಅಲೆ ಬೇಗ ಬತ್ತುತ್ತದೆ. ಲೋಹ ಹುಡುಕುವ ಸಾಧನಕ್ಕೆ ಪಿ.ವಿ.ಸಿ. ಕೊಳವೆ ಕಾಣುವುದೇ ಇಲ್ಲ. ಪ್ರತಿ ಇಪ್ಪತ್ತೈದು, ಮೂವತ್ತು ಮೀಟರಿಗೊಂದರಂತೆ ರಸ್ತೆಗೆ ಅಡ್ಡಲಾಗಿ, ಒಂದೂವರೆ ಮೀಟರ್ ಆಳದವರೆಗೆ ಕೈಯಲ್ಲೇ ಅಗೆದು, ಸಿಕ್ಕ ಪ್ರತಿ ಕೊಳವೆಯ ಆಳ, ವ್ಯಾಸ, ಜಾತಿ ಬರೆದಿಡಬೇಕು. ಜೆ.ಸಿ.ಬಿ. ಬೇಡ. ಅದರ ಹಲ್ಲಿಗೆ ಮೊದಲು ಸಿಗುವುದೇ ಕೇಬಲ್. ಚರ್ಚ್ ಸ್ಟ್ರೀಟಿನಷ್ಟು ಉದ್ದದ ಬೀದಿಗೆ ಇಂಥ ಇಪ್ಪತ್ತೈದು, ಮೂವತ್ತು ಗುಂಡಿ ಸಾಕು. ಎರಡು ವಾರದ ಈ ಕೆಲಸ ಉಳಿಸಿ ಮುಂದೆ ಆರು ತಿಂಗಳು ಕಳೆದುಕೊಳ್ಳುವುದು ನಮ್ಮ ಕಾಮಗಾರಿಗಳಲ್ಲಿ ರೂಢಿಯಾಗಿಬಿಟ್ಟಿದೆ.

ಕೊಳವೆಗಳಲ್ಲಿ ಜಗಳಗಂಟಿ ಒಳಚರಂಡಿ. ನೀರಿನ ಕೊಳವೆಯನ್ನೂ ಕೇಬಲನ್ನೂ ಬೇಕಾದರೆ ಮೇಲೆ ಕೆಳಗೆ ಬಗ್ಗಿಸಬಹುದು. ಚರಂಡಿ ಹರಿಯುವುದು ಇಳಿಜಾರಿನ ಬಲದಲ್ಲಿ. ಒಳಗಿನ ನೀರು ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗದಲ್ಲಿ ಓಡದಿದ್ದರೆ ಕಸ ತಳದಲ್ಲಿ ಕೂರುತ್ತದೆ. ಆದ್ದರಿಂದ ಮೊದಲು ಚರಂಡಿಯ ಮಟ್ಟ ನಿಗದಿಯಾಗಬೇಕು, ಉಳಿದ ಡಕ್ಟುಗಳು ಅದಕ್ಕೆ ಹೊಂದಿಕೊಳ್ಳಬೇಕು. ನಡೆಯುವುದು ಹಲವೆಡೆ ಇದರ ತಿರುಗಾಮುರುಗಾ. ಕೇಬಲ್ ಡಕ್ಟಿನ ಗುತ್ತಿಗೆದಾರ ಮೊದಲು ಬಂದು ಹಾಕಿ ಹೋಗುತ್ತಾನೆ, ಜಲಮಂಡಳಿಯವರು ಬಂದಾಗ ಇಳಿಜಾರಿಗೆ ಜಾಗವೇ ಉಳಿದಿರುವುದಿಲ್ಲ.

ಹೋಟೆಲುಗಳ ಬೀದಿಯಾದರೆ ಇನ್ನೊಂದು ಉಪದ್ರವ ಜಿಡ್ಡು. ಅಡುಗೆಮನೆಯಿಂದ ಬಿಸಿಯಾಗಿ ಹೊರಟ ಎಣ್ಣೆ ಕೊಳವೆಯಲ್ಲಿ ತಣ್ಣಗಾಗಿ ಗೋಡೆಗೆ ಹತ್ತಿಕೊಳ್ಳುತ್ತದೆ, ವರ್ಷದೊಳಗೆ ಕೊಳವೆಯ ಬಾಯಿ ಕಿರಿದಾಗುತ್ತದೆ. ಮ್ಯಾನ್‌ಹೋಲ್ ಉಕ್ಕಿದಾಗ ಆ ನೀರು ಕಲ್ಲುಹಾಸಿನ ಸಂದುಗಳಿಗೆ ಇಳಿಯುತ್ತದೆ. ಅಂದರೆ ಅಡುಗೆಮನೆಯ ತಪ್ಪಿಗೆ ರಸ್ತೆ ದಂಡ ಕಟ್ಟುತ್ತದೆ. ಪ್ರತಿ ಅಡುಗೆಮನೆಗೂ ಗ್ರೀಸ್ ಟ್ರ್ಯಾಪ್, ಅಂದರೆ ಜಿಡ್ಡು ಹಿಡಿದಿಡುವ ತೊಟ್ಟಿ, ಇರಲೇಬೇಕು. ತೊಟ್ಟಿಯ ಆಳದಲ್ಲಿ ಕಾಲು ಭಾಗ ಜಿಡ್ಡು ಮತ್ತು ಗಸಿಯಿಂದ ತುಂಬುವುದರೊಳಗೆ ಖಾಲಿ ಮಾಡಬೇಕು. ಬಿಸಿನೀರು ಸುರಿದು ಮುಂದಕ್ಕೆ ತಳ್ಳುವುದು ಶುಚಿ ಮಾಡಿದಂತಲ್ಲ, ಪಕ್ಕದ ಅಂಗಡಿಯ ಮುಂದೆ ಕಟ್ಟಿಕೊಳ್ಳುವಂತೆ ಮಾಡಿದಷ್ಟೇ.

ಕಲ್ಲಿನ ಲೆಕ್ಕ

ಚರ್ಚ್ ಸ್ಟ್ರೀಟಿನ ಬಗ್ಗೆ ಅತಿ ಹೆಚ್ಚು ದೂರು ಬಂದದ್ದು ಸಡಿಲವಾದ ಕಲ್ಲುಗಳ ಬಗ್ಗೆ. 2020ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ಅಗೆದು ಕಲ್ಲು ಹಾಸಿದ ಕಮರ್ಷಿಯಲ್ ಸ್ಟ್ರೀಟಿನಲ್ಲೂ ಇದೇ ದೂರು ಎದ್ದಿತು. ಅದನ್ನು ಕೇಳಿದವರು ಕಲ್ಲೇ ಬೇಡ, ಡಾಂಬರೇ ಸರಿ ಎನ್ನುವ ತೀರ್ಮಾನಕ್ಕೆ ಬರುತ್ತಾರೆ. ಅದು ಆತುರದ ತೀರ್ಮಾನ. ಕಲ್ಲು ಎಲ್ಲಿ ಸೋಲುತ್ತದೆ ಎಂಬುದನ್ನು ನೋಡೋಣ.

ನಾಲ್ಕು ಇಂಚಿನ, ಅಂದರೆ 100 ಮಿ.ಮೀ. ಘನಾಕಾರದ ಗ್ರಾನೈಟ್ ಕಲ್ಲು ತೆಗೆದುಕೊಳ್ಳಿ. ಒಂದೊಂದರ ತೂಕ ಸುಮಾರು 2.65 ಕಿಲೊ. ಎಂಟು ಮಿ.ಮೀ. ಸಂದು ಬಿಟ್ಟು ಜೋಡಿಸಿದರೆ ಒಂದು ಚದರ ಮೀಟರಿಗೆ ಸುಮಾರು 86 ಕಲ್ಲು ಹಿಡಿಯುತ್ತವೆ, ತೂಕ 228 ಕಿಲೊ ಆಸುಪಾಸು. ಈಗ ಸಂದುಗಳನ್ನು ಕೂಡಿಸಿ ನೋಡಿದರೆ ಅವೇ ನೆಲದ ಶೇ 14ರಷ್ಟಾಗುತ್ತವೆ. ಕಲ್ಲಿನ ಬೀದಿ ಎಂದು ನಾವು ಕರೆಯುವುದರಲ್ಲಿ ಏಳನೆಯ ಒಂದು ಭಾಗ ಕಲ್ಲೇ ಅಲ್ಲ. ಗ್ರಾನೈಟ್ ನೂರು ವರ್ಷ ಬಾಳುತ್ತದೆ, ಸರಿ. ಬೀದಿಯ ಆಯುಷ್ಯ ನಿರ್ಧಾರವಾಗುವುದು ಆ ಏಳನೆಯ ಒಂದು ಭಾಗದಲ್ಲಿ.

ಹಾಸುವ ಪದ್ಧತಿ ಎರಡು. ಮರಳಿನ ಹಾಸಿನ ಮೇಲೆ ಕಲ್ಲಿಟ್ಟು ಸಂದಿಗೂ ಮರಳು ತುಂಬುವುದು ಒಂದು. ಕಾಂಕ್ರೀಟ್ ಅಡಿಪಾಯದ ಮೇಲೆ ಗಾರೆ ಹಾಕಿ ಕಲ್ಲು ಕೂರಿಸಿ ಸಂದಿಗೂ ಗಾರೆ ತುಂಬುವುದು ಇನ್ನೊಂದು. ಮರಳಿನದು ಬಾಗಿ ಬಳುಕುತ್ತದೆ, ಅಗೆದು ಮತ್ತೆ ಹಾಸಲು ಸುಲಭ, ಆದರೆ ಭಾರದ ವಾಹನಕ್ಕೆ ಹೇಳಿ ಮಾಡಿಸಿದ್ದಲ್ಲ. ಗಾರೆಯದು ಭಾರ ತಡೆಯುತ್ತದೆ, ಆದರೆ ಬಿರುಕು ಬಿಟ್ಟರೆ ಒಳಗೆ ಇಳಿದ ನೀರು ಹೊರಬರಲು ದಾರಿಯಿಲ್ಲ. ಎರಡನ್ನೂ ಬೆರೆಸಿದರೆ, ಅಂದರೆ ಕೆಳಗೆ ಮರಳು ಮೇಲೆ ಸಿಮೆಂಟ್ ಸಂದು, ಖಂಡಿತ ಕೆಡುತ್ತದೆ. ಚಕ್ರ ಹಾಯ್ದಾಗಲೆಲ್ಲ ಕೆಳಗಿನದು ತುಸು ಅಲುಗುತ್ತದೆ, ಮೇಲಿನ ಗಟ್ಟಿ ಸಂದು ಅಲುಗಲಾರದೆ ಒಡೆಯುತ್ತದೆ, ಆ ಬಿರುಕಿನಲ್ಲಿ ಮಳೆನೀರು ಇಳಿದು ಮರಳನ್ನು ಎತ್ತಿಕೊಂಡು ಹೋಗುತ್ತದೆ. ಒಂದು ಕಲ್ಲು ಅಲ್ಲಾಡಿದರೆ ಪಕ್ಕದ ನಾಲ್ಕು ಕಲ್ಲಿನ ಆಸರೆ ಹೋಗುತ್ತದೆ. ಆಮೇಲೆ ವಾರಗಳ ಮಾತಷ್ಟೇ.

ಕಾಂಕ್ರೀಟ್ ಬ್ಲಾಕುಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್.ಪಿ. 63 ಮಾರ್ಗಸೂಚಿ ಇದೆ. ಅದು ಹೇಳುವ ಮರಳಿನ ಹಾಸು 20ರಿಂದ 40 ಮಿ.ಮೀ. ಮಾತ್ರ. ಕಲ್ಲಿಗೂ ಈ ಸೂತ್ರ ನೆನಪಿನಲ್ಲಿರಬೇಕು. ನಮ್ಮ ಕೆಲಸಗಾರರು ಅಡಿಪಾಯದ ಏರುತಗ್ಗನ್ನು ಮರಳಿನಿಂದಲೇ ಸರಿದೂಗಿಸುವುದುಂಟು. ಒಂದು ಕಡೆ ಎರಡು ಸೆಂಟಿಮೀಟರ್, ಇನ್ನೊಂದು ಕಡೆ ಎಂಟು. ಹೊಸದರಲ್ಲಿ ಮೇಲ್ಮೈ ಕನ್ನಡಿಯ ಹಾಗೆ ಸಮ. ಮೊದಲ ಮಳೆಗಾಲ ಕಳೆದಾಗ ಎಂಟಿದ್ದ ಕಡೆ ಹೊಂಡ. ಅಡಿಪಾಯದ ಮಟ್ಟವನ್ನು ಮೂರು ಮೀಟರ್ ಉದ್ದದ ಪಟ್ಟಿ ಇಟ್ಟು ನೋಡಿ, ಒಪ್ಪಿದ ಮೇಲೆಯೇ ಕಲ್ಲಿನ ಲಾರಿ ತರಿಸಬೇಕು. ಕಲ್ಲು ಬಂದು ಬಿದ್ದಮೇಲೆ ಅಡಿಪಾಯ ಸರಿಮಾಡಿ ಎಂದರೆ ಯಾವ ಗುತ್ತಿಗೆದಾರನೂ ಕಿವಿಗೊಡುವುದಿಲ್ಲ.

ಅಂಚು ಕೂಡ ಅಷ್ಟೇ ಮುಖ್ಯ. ಕಲ್ಲುಹಾಸಿಗೆ ಸುತ್ತಲೂ ಅಲುಗದ ಅಂಚುಗಲ್ಲು ಬೇಕು. ಮ್ಯಾನ್‌ಹೋಲಿನ ಸುತ್ತ, ಮೋರಿಯ ಜಾಲರಿಯ ಸುತ್ತ ಕಲ್ಲು ಕತ್ತರಿಸಿ ಕೂರಿಸುವಾಗ ಅರ್ಧ ಕಲ್ಲಿಗಿಂತ ಚಿಕ್ಕ ಚೂರು ಇಡಬಾರದು. ಆ ಚೂರೇ ಮೊದಲು ಏಳುವುದು. ಅಲ್ಲಿ ಚೂರಿನ ಬದಲು ಒಂದು ಕಾಂಕ್ರೀಟ್ ಚೌಕಟ್ಟು ಕಟ್ಟಿ ಪೂರ್ತಿ ಕಲ್ಲುಗಳನ್ನು ಅದಕ್ಕೆ ಆನಿಸುವುದು ವಾಸಿ.

ಇನ್ನು ಭಾರ. ಡಾಂಬರಿನ ರಸ್ತೆಗೆ ಆಗುವ ಹಾನಿ ಅಚ್ಚಿನ (ಆಕ್ಸಲ್) ಭಾರದ ನಾಲ್ಕನೆಯ ಘಾತದಲ್ಲಿ ಬೆಳೆಯುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಸೂತ್ರ. ಕಾರಿನ ಒಂದು ಅಚ್ಚಿನ ಮೇಲೆ ಒಂದು ಟನ್ನಿಗಿಂತ ಕಡಿಮೆ, ತುಂಬಿದ ನೀರಿನ ಟ್ಯಾಂಕರಿನ ಹಿಂದಿನ ಅಚ್ಚಿನ ಮೇಲೆ ಎಂಟು ಟನ್ ಮೇಲೆಯೇ. ಎಂಟರ ನಾಲ್ಕನೆಯ ಘಾತ 4,096, ಅಂದರೆ ಕಾರಿನ ಅಚ್ಚಿಗಿಂತ ಟ್ಯಾಂಕರಿನ ಅಚ್ಚಿನ ಹಾನಿ ಸಾವಿರಾರು ಪಟ್ಟು. ಕಲ್ಲುಹಾಸಿಗೆ ಈ ಸೂತ್ರ ಹಾಗೆಯೇ ಹೊಂದದು, ಆದರೆ ದಿಕ್ಕು ಅದೇ. ಕಲ್ಲಿಗೆ ನೇರವಾದ ಒತ್ತಡಕ್ಕಿಂತ ಮಾರಕವಾದದ್ದು ತಿರುಚುವ ಬಲ. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವ ಟ್ಯಾಂಕರ್, ಕಸದ ಕಾಂಪ್ಯಾಕ್ಟರ್, ಬಿಯರ್ ಪೆಟ್ಟಿಗೆ ಇಳಿಸುವ ಲಾರಿ, ಇವು ಕಲ್ಲನ್ನು ಕಿತ್ತುಕೊಂಡೇ ಹೋಗುತ್ತವೆ. ಹಗಲಿನ ಕಾರುಗಳನ್ನು ಬೈಯುತ್ತ ಕೂತವರು ರಾತ್ರಿ ಎರಡು ಗಂಟೆಗೆ ಬರುವ ಟ್ಯಾಂಕರನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಸರಕು ಮತ್ತು ನೀರು ಇಳಿಸಲು ಬೀದಿಯ ಎರಡು ತುದಿಗಳಲ್ಲಿ ಗಟ್ಟಿ ಕಾಂಕ್ರೀಟಿನ ನಿಲುಗಡೆ ಮಾಡಿ, ಅಲ್ಲಿಂದ ಒಳಕ್ಕೆ ತಳ್ಳುಗಾಡಿ ಮತ್ತು ಕೊಳವೆಯಲ್ಲಿ ಸಾಗಿಸುವ ಏರ್ಪಾಡಾದರೆ ಅರ್ಧ ರಿಪೇರಿ ತಪ್ಪುತ್ತದೆ.

ಸ್ವಚ್ಛ ಮಾಡುವ ರೀತಿಯಲ್ಲೂ ಹಾಳಾಗುವುದುಂಟು. ಹೆಚ್ಚು ಒತ್ತಡದ ನೀರಿನ ಜೆಟ್ ಹಿಡಿದರೆ ಪಾನ್ ಕಲೆ ಹೋಗುತ್ತದೆ, ಅದರ ಜೊತೆ ಸಂದಿನ ಮರಳೂ ಹೋಗುತ್ತದೆ. ಹೀರುವ ಯಂತ್ರದ ಗುಡಿಸುವ ಗಾಡಿಯೂ ಅಷ್ಟೇ. ಬಿದಿರು ಕಡ್ಡಿಯ ಪೊರಕೆಗೆ ಸಮನಾದದ್ದು ಇಲ್ಲಿ ಇನ್ನೂ ಬಂದಿಲ್ಲ. ಜೆಟ್ ಬಳಸಲೇಬೇಕಾದರೆ ಓರೆಯಾಗಿ, ದೂರದಿಂದ ಹಿಡಿದು, ಒಣಗಿದ ಮೇಲೆ ಸಂದಿಗೆ ಮತ್ತೆ ಮರಳು ಗುಡಿಸಿ ತುಂಬಬೇಕು.

ವಾಹನ ನಿಲ್ಲಿಸಿ ನೋಡಿದ್ದು

2020ರ ನವೆಂಬರ್ 7ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಇಲ್ಲಿ ಕ್ಲೀನ್ ಏರ್ ಸ್ಟ್ರೀಟ್ ಪ್ರಯೋಗಕ್ಕೆ ಚಾಲನೆ ಕೊಟ್ಟರು. ನಗರ ಭೂಸಾರಿಗೆ ನಿರ್ದೇಶನಾಲಯ, ಅಂದರೆ ಡಲ್ಟ್, ಇದರ ನೇತೃತ್ವ ವಹಿಸಿತ್ತು. ಬ್ರಿಟನ್ನಿನ ತಂತ್ರಜ್ಞಾನ ಕೇಂದ್ರಗಳ ಕ್ಯಾಟಪಲ್ಟ್ ಜಾಲ ಕೈಜೋಡಿಸಿತು, ಗಾಳಿ ಮತ್ತು ಓಡಾಟದ ಅಧ್ಯಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇತ್ತು. ಶನಿವಾರ, ಭಾನುವಾರ ಬೆಳಿಗ್ಗೆ ಹತ್ತರಿಂದ ಮಧ್ಯರಾತ್ರಿಯವರೆಗೆ ವಾಹನ ಬಂದ್. 2021ರ ಆರಂಭದ ತಿಂಗಳುಗಳವರೆಗೆ ಇದು ನಡೆಯಿತು. ಜನ ಬಂದರು, ಮಕ್ಕಳು ಬೀದಿಯ ನಡುವೆ ಓಡಾಡಿದರು, ಗಿಟಾರು ಹಿಡಿದವರು ಕೂತರು. ಕಲ್ಲು ಹಾಸಿದಾಗ ಕಾಣದಿದ್ದ ವಿನ್ಯಾಸದ ಉದ್ದೇಶ ಕಾರುಗಳು ಹೋದ ದಿನ ಕಣ್ಣಿಗೆ ಬಿತ್ತು.

ವ್ಯಾಪಾರಿಗಳು ಮಾತ್ರ ಒಂದೇ ದನಿಯಲ್ಲಿ ಮಾತಾಡಲಿಲ್ಲ. ಕಾಫಿ, ತಿಂಡಿ, ಐಸ್‌ಕ್ರೀಂ ಮಾರುವವರಿಗೆ ಹಬ್ಬ. ಭಾರದ ವಸ್ತು ಮಾರುವವರಿಗೆ, ವಯಸ್ಸಾದ ಹಳೆಯ ಗಿರಾಕಿಗಳನ್ನು ನಂಬಿದವರಿಗೆ ಆತಂಕ. ನೋಡಲು ಬರುವವರು ಬೇರೆ, ಕೊಳ್ಳಲು ಬರುವವರು ಬೇರೆ ಎಂಬ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಜೊತೆಗೆ ಅದು ಕೋವಿಡ್ ಕಾಲ. ಜನಜಂಗುಳಿಯ ಚಿತ್ರಗಳು ಹೊರಬಂದಾಗ ಸೋಂಕಿನ ಭಯವೂ ಸೇರಿಕೊಂಡಿತು.

ಅಳತೆಯ ದೃಷ್ಟಿಯಿಂದ ಈ ಪ್ರಯೋಗದ ದೊಡ್ಡ ತೊಡಕು ಇಲ್ಲೇ ಇದೆ. ಲಾಕ್‌ಡೌನ್ ಸಡಿಲವಾಗಿ ಊರು ನಿಧಾನಕ್ಕೆ ತೆರೆಯುತ್ತಿದ್ದ ಹೊತ್ತು ಅದು. ಎಲ್ಲ ಬೀದಿಗಳಲ್ಲೂ ಜನ ಹೆಚ್ಚುತ್ತಿದ್ದರು, ಕಚೇರಿಗಳು ಪೂರ್ತಿ ತೆರೆದಿರಲಿಲ್ಲ. ಹೀಗಿರುವಾಗ ಒಂದು ಬೀದಿಯಲ್ಲಿ ಕಂಡ ಏರಿಕೆಯಲ್ಲಿ ಎಷ್ಟು ಪಾಲು ವಾಹನ ನಿಲ್ಲಿಸಿದ್ದರಿಂದ, ಎಷ್ಟು ಪಾಲು ಊರು ತೆರೆದದ್ದರಿಂದ ಎಂದು ಬಿಡಿಸುವುದು ಕಷ್ಟ. ಮತ್ತೆ ಯಾವ ಊರಿನವರಾದರೂ ಇದನ್ನು ಮಾಡುವುದಿದ್ದರೆ ಹೋಲಿಕೆಗೆ ಒಂದು ಪಕ್ಕದ ಬೀದಿಯನ್ನು ಮೊದಲೇ ಗುರುತಿಸಿಟ್ಟುಕೊಳ್ಳಬೇಕು, ಇಲ್ಲಿಗಾದರೆ ರೆಸ್ಟ್ ಹೌಸ್ ರಸ್ತೆಯಂಥದ್ದು. ಎರಡೂ ಕಡೆ ಒಂದೇ ಗಂಟೆಗಳಲ್ಲಿ ತಲೆ ಎಣಿಸಬೇಕು. ಅಂಗಡಿಯವರನ್ನು ವಹಿವಾಟಿನ ಮೊತ್ತ ಕೇಳಿದರೆ ಯಾರೂ ನಿಜ ಹೇಳರು. ದಿನಕ್ಕೆ ಎಷ್ಟು ಬಿಲ್ ಆಯಿತು ಎಂದು ಕೇಳಿದರೆ ಹೇಳುತ್ತಾರೆ, ಕೆಲಸಕ್ಕೆ ಅದೇ ಸಾಕು. ಪ್ರಯೋಗ ಶುರುವಾಗುವ ಮುನ್ನ ಕನಿಷ್ಠ ಎಂಟು ವಾರದ ಲೆಕ್ಕ ಕೈಯಲ್ಲಿರಬೇಕು. ದೀಪಾವಳಿಗೋ ಹೊಸ ವರ್ಷಕ್ಕೋ ಶುರು ಮಾಡಬಾರದು, ಫೋಟೊಗೆ ಚೆನ್ನ, ಲೆಕ್ಕಕ್ಕೆ ಕೆಟ್ಟದ್ದು.

ಗಾಳಿಯ ವಿಷಯದಲ್ಲೂ ಒಂದು ಎಚ್ಚರ. ವಾಹನ ನಿಂತರೂ ಹೋಟೆಲಿನ ಡೀಸೆಲ್ ಜನರೇಟರು, ತಂದೂರಿನ ಇದ್ದಿಲು ನಿಲ್ಲುವುದಿಲ್ಲ. ಎರಡು ಬದಿ ಎತ್ತರದ ಕಟ್ಟಡ ಇರುವ ಕಿರಿದಾದ ಬೀದಿಯಲ್ಲಿ ಅದೇ ಹೊಗೆ ಕೆಳಗೇ ಸುಳಿದಾಡುತ್ತದೆ. ಗಾಳಿಯಲ್ಲಿನ ಅತಿ ಸೂಕ್ಷ್ಮ ದೂಳಿನ ಕಣಗಳನ್ನು, ಅಂದರೆ ಪಿ.ಎಂ. 2.5 ಅನ್ನು, ಅಳೆಯುವ ಸೆನ್ಸರನ್ನು ಜನರೇಟರಿನ ಹೊಗೆಕೊಳವೆಯ ಹತ್ತಿರ ತೂಗುಹಾಕಿದರೆ ವಾಹನ ಇಲ್ಲದ ದಿನವೂ ದಿನದ ಮಿತಿಯಾದ ಘನ ಮೀಟರಿಗೆ 60 ಮೈಕ್ರೊಗ್ರಾಂ ದಾಟೀತು. ಸದ್ದಿಗೂ ಹೀಗೆ. ವಾಣಿಜ್ಯ ಪ್ರದೇಶಕ್ಕೆ ಹಗಲು 65, ರಾತ್ರಿ 55 ಡೆಸಿಬಲ್ ಮಿತಿ. ಹಾರನ್ ನಿಂತರೂ ಬಾರುಗಳ ಸ್ಪೀಕರ್ ರಾತ್ರಿಯ ಮಿತಿಯನ್ನು ಸಲೀಸಾಗಿ ಮೀರಿಸುತ್ತದೆ.

ಪ್ರಯೋಗ ಕಾಯಂ ಆಗಲಿಲ್ಲ. ಎರಡನೆಯ ಅಲೆ ಬಂತು, ಕಾರುಗಳು ಮರಳಿದವು.

ನಿಲುಗಡೆ ಎಂಬ ಬಿಡಿಸದ ಗಂಟು

ಕಾರುಗಳು ಮರಳಿದ್ದು ಹಾದುಹೋಗಲು ಮಾತ್ರವಲ್ಲ, ನಿಲ್ಲಲು. ನಡೆಯುವವರಿಗೆ ಮಟ್ಟಸವಾಗಿರಲಿ ಎಂದು ಎತ್ತರ ತಗ್ಗಿಸಿದ ಅಂಚು ಚಕ್ರಕ್ಕೂ ಅನುಕೂಲ. ಬೈಕಿನವರು ಮೊದಲು ಹತ್ತಿಸುತ್ತಾರೆ, ಒಂದು ಬೈಕ್ ನಿಂತರೆ ಹತ್ತು ನಿಂತಂತೆ. ತಡೆಯಲು ನೆಟ್ಟ ಗಿಡ್ಡ ಕಂಬಗಳನ್ನು, ಅಂದರೆ ಬೊಲಾರ್ಡುಗಳನ್ನು, ಹಿಂದಕ್ಕೆ ಬರುವ ಗಾಡಿಗಳು ಬೀಳಿಸುತ್ತವೆ. ಬಿದ್ದದ್ದನ್ನು ಮತ್ತೆ ನೆಡದಿದ್ದರೆ ಅದೇ ಪಾರ್ಕಿಂಗಿನ ಹೆಬ್ಬಾಗಿಲು. ಬೊಲಾರ್ಡನ್ನು ಕಲ್ಲುಹಾಸಿನ ಮೇಲೆ ಬೋಲ್ಟ್ ಹಾಕಿ ನಿಲ್ಲಿಸಿದರೆ ಒಂದೇ ಗುದ್ದಿಗೆ ಹೋಗುತ್ತದೆ. ನೆಲದೊಳಗೆ ಒಂದೂವರೆ ಅಡಿಯಾದರೂ ಕಾಂಕ್ರೀಟಿನಲ್ಲಿ ಹೂತಿರಬೇಕು. ನಡುವಿನ ಅಂತರ 1.2 ಮೀಟರ್ ಇದ್ದರೆ ಗಾಲಿಕುರ್ಚಿ ದಾಟುತ್ತದೆ, ಕಾರು ದಾಟದು. ಬೈಕ್ ದಾಟುತ್ತದೆ, ಅದಕ್ಕೆ ಕಬ್ಬಿಣದಲ್ಲಿ ಉಪಾಯವಿಲ್ಲ, ಪೊಲೀಸರೇ ಬೇಕು.

ಪೊಲೀಸರ ಕೈಯಲ್ಲಿದ್ದ ಅಸ್ತ್ರವೂ ಒಂದು ಹಂತದಲ್ಲಿ ಕಳಚಿತು. ತಪ್ಪಾಗಿ ನಿಂತ ಗಾಡಿ ಎತ್ತಿಕೊಂಡು ಹೋಗುವ ಟೋಯಿಂಗ್ ಸಿಬ್ಬಂದಿಯ ವರ್ತನೆಯ ಮೇಲೆ ಜನರ ಸಿಟ್ಟು ಏರಿ, 2022ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಟೋಯಿಂಗ್ ನಿಂತಿತು. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಪರ್ಯಾಯ ತರದೆ ನಿಲ್ಲಿಸಿದ್ದರ ಫಲ ಇಂಥ ಬೀದಿಗಳ ಮೇಲೆ ಬಿತ್ತು. ದಂಡದ ಚೀಟಿ ಮೊಬೈಲಿಗೆ ಹೋಗುತ್ತಿತ್ತು, ಗಾಡಿ ಮಾತ್ರ ಅಲ್ಲೇ ನಿಂತಿರುತ್ತಿತ್ತು. ನಗರಕ್ಕೆ ಪಾರ್ಕಿಂಗ್ ನೀತಿ 2.0 ಎಂಬುದೂ ಇದೆ. ಬೀದಿಯ ಜಾಗ ಪುಕ್ಕಟೆಯಲ್ಲ, ಬೇಡಿಕೆಗೆ ತಕ್ಕ ದರ ಇರಬೇಕು ಎಂಬುದು ಅದರ ತಿರುಳು. ಬ್ರಿಗೇಡ್ ರಸ್ತೆಯಲ್ಲಿ ವ್ಯಾಪಾರಿಗಳ ಸಂಘವೇ ಮುಂದಾಗಿ ವರ್ಷಗಳ ಹಿಂದೆ ಪಾರ್ಕಿಂಗ್ ಮೀಟರ್ ತಂದ ಅನುಭವ ಕೂಗಳತೆಯಲ್ಲೇ ಇದೆ. ಅಲ್ಲಿ ದರ ಇಟ್ಟಾಗ ಅಂಗಡಿಗಳು ಮುಳುಗಲಿಲ್ಲ, ಇಡೀ ದಿನ ಕಾರು ನಿಲ್ಲಿಸಿ ಹೋಗುವ ಚಟ ಕಡಿಮೆಯಾಯಿತು. ಬೆಳಿಗ್ಗೆ ಬಂದು ಸಂಜೆಯವರೆಗೆ ಅಂಗಡಿ ಮುಂದೆ ಕಾರು ನಿಲ್ಲಿಸುವವರಲ್ಲಿ ಅಂಗಡಿಯ ಮಾಲೀಕರೂ ನೌಕರರೂ ಇರುತ್ತಾರೆ ಎಂಬುದನ್ನು ವ್ಯಾಪಾರಿಗಳ ಸಭೆಗಳಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಬೀದಿ ವ್ಯಾಪಾರಿಗಳ ಪ್ರಶ್ನೆಯನ್ನೂ ಹೀಗೇ ಪಕ್ಕಕ್ಕೆ ಸರಿಸಲಾಗಿದೆ. ಫುಟ್‌ಪಾತ್ ಅಗಲವಾದಲ್ಲಿ ಅವರು ಬಂದೇ ಬರುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ಮಾರಾಟ ಸಮಿತಿ ಇರಬೇಕು, ಜಾಗ ಗುರುತಾಗಬೇಕು. ನಕ್ಷೆ ಬರೆಯುವಾಗಲೇ ಅವರಿಗೆ ಪಟ್ಟಿ ಬಿಟ್ಟು, ನಡೆಯಲು ಕನಿಷ್ಠ 2.5 ಮೀಟರ್ ತೆರವಾಗಿ ಉಳಿಸಿದರೆ ಜಗಳವಿಲ್ಲ. ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಡಲ್ಟ್ ಕೈಗೊಂಡ ಕಾಮಗಾರಿಯಲ್ಲಿ ಅಂಗಡಿಯವರೂ ಹೂ ಹಣ್ಣಿನವರೂ ಬೀದಿಗಿಳಿದದ್ದು ಈ ಮಾತುಕತೆ ಹಿಂದೆ ಬಿದ್ದುದರಿಂದಲೇ.

ಎದ್ದ ಕಲ್ಲು ಕೂರಿಸುವ ಬಗೆ

ನಾಲ್ಕೈದು ವರ್ಷಗಳಲ್ಲಿ ಬೀದಿಯ ಹಲವು ಕಡೆ ಕಲ್ಲು ಎದ್ದಿತು, ಗುಂಡಿ ಬಿತ್ತು, ಕೆಲವು ಕಡೆ ತೇಪೆ ಹಾಕಿದರು. ಕಲ್ಲಿನ ನಡುವೆ ಡಾಂಬರಿನ ತೇಪೆಗಿಂತ ಕೆಟ್ಟದ್ದಿಲ್ಲ. ನೋಡಲು ಕೆಟ್ಟದಾಗಿರುವುದು ಹಾಗಿರಲಿ, ಡಾಂಬರು ಬಿಸಿಲಿಗೆ ಮೆದುವಾಗಿ ಪಕ್ಕದ ಕಲ್ಲಿಗೆ ಆಸರೆ ಕೊಡುವುದಿಲ್ಲ, ಗುಂಡಿ ತೇಪೆಯ ಸುತ್ತ ಬೆಳೆಯುತ್ತದೆ.

ಸರಿಯಾದ ಕ್ರಮ ಹೀಗೆ. ಸಡಿಲವಾದ ಜಾಗವನ್ನು ಕೋಲಿನಿಂದ ಬಡಿದು ನೋಡಿ, ಟೊಳ್ಳು ಸದ್ದು ಬರುವಷ್ಟಕ್ಕೂ ಸುಣ್ಣದಲ್ಲಿ ಗೆರೆ ಹಾಕಿ. ಗೆರೆಯಿಂದಾಚೆ ಇನ್ನೆರಡು ಸಾಲು ಕಲ್ಲು ಸೇರಿಸಿ ತೆಗೆಯಿರಿ, ಗಟ್ಟಿಯಿದ್ದರೂ ತೆಗೆಯಿರಿ. ಎದ್ದ ಕಲ್ಲುಗಳಿಗೆ ಅಂಟಿದ ಹಳೆಯ ಗಾರೆಯನ್ನು ಉಳಿಯಿಂದ ಕೆತ್ತಿ ತೆಗೆಯದಿದ್ದರೆ ಮತ್ತೆ ಕೂರಿಸಿದಾಗ ಅದು ಹಲ್ಲಿನ ಹಾಗೆ ಎತ್ತಿಕೊಳ್ಳುತ್ತದೆ. ಅಡಿಪಾಯ ಒದ್ದೆಯಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಸೋರಿಕೆ ಹುಡುಕಬೇಕು. ನೀರಿನ ಕೊಳವೆಯೋ, ಚರಂಡಿಯೋ, ಹೋಟೆಲಿನ ಸಂಪೋ ಎಂದು ಗೊತ್ತಾಗುವವರೆಗೆ ಮುಚ್ಚಬಾರದು. ಆಮೇಲೆ ಅಡಿಪಾಯ ದಮ್ಮಸ್ಸು ಮಾಡಿ, ಹೊಸ ಹಾಸು ಹಾಕಿ, ದಾರ ಕಟ್ಟಿ, ಮರದ ಕೊಡತಿಯಿಂದ ಹೊಡೆದು ಕೂರಿಸಬೇಕು. ಹೊಸ ಕಲ್ಲು ಅಕ್ಕಪಕ್ಕದ್ದಕ್ಕಿಂತ ಎರಡು ಮೂರು ಮಿ.ಮೀ. ಮೇಲಿರಲಿ, ಭಾರಕ್ಕೆ ಇಳಿದು ಸರಿಹೋಗುತ್ತದೆ. ಗಾರೆಯ ಸಂದಾದರೆ ಏಳು ದಿನ ಗೋಣಿತಟ್ಟು ಹೊದಿಸಿ ನೀರುಣಿಸಬೇಕು, ಭಾರದ ವಾಹನ ಹಾಯಲು ಮೂರ್ನಾಲ್ಕು ವಾರ ಕಾಯಬೇಕು. ಹೆಚ್ಚಿನ ರಿಪೇರಿಗಳು ಸೋಲುವುದು ಈ ಕೊನೆಯ ಹಂತದಲ್ಲಿ: ರಾತ್ರಿ ಹಾಸಿ ಬೆಳಿಗ್ಗೆ ರಸ್ತೆ ಬಿಟ್ಟುಬಿಡುತ್ತಾರೆ. ಅಷ್ಟು ದಿನ ಮುಚ್ಚಲಾಗದಿದ್ದರೆ ಗಾರೆಯ ಗೋಜಿಗೇ ಹೋಗದೆ ಬೇಗ ಗಟ್ಟಿಯಾಗುವ ಜಾಯಿಂಟಿಂಗ್ ಮಿಶ್ರಣ ಬಳಸಬೇಕು, ಬೆಲೆ ಹೆಚ್ಚಾದರೂ.

ಕಲ್ಲನ್ನು ಮೊದಲೇ ಶೇ 3ರಿಂದ 5ರಷ್ಟು ಹೆಚ್ಚು ತರಿಸಿ ದಾಸ್ತಾನು ಇಡುವುದು ಇನ್ನೊಂದು ಸಣ್ಣ ಜಾಣತನ. ಕ್ವಾರಿಯ ಪದರ ಬದಲಾದರೆ ಬಣ್ಣ ಬದಲಾಗುತ್ತದೆ, ಐದು ವರ್ಷದ ನಂತರ ಅದೇ ಬೂದು ಬಣ್ಣ ಸಿಗುವ ಖಾತ್ರಿಯಿಲ್ಲ. ದಾಸ್ತಾನು ಎಲ್ಲಿಡುವುದು ಎಂಬುದಕ್ಕೂ ಉತ್ತರ ಬೇಕು, ಬೀದಿಬದಿಯಲ್ಲಿ ರಾಶಿ ಹಾಕಿದರೆ ಒಂದು ತಿಂಗಳಲ್ಲಿ ಕರಗಿರುತ್ತದೆ.

ಯಾರ ಬೀದಿ

2024ರಲ್ಲಿ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಅನ್‌ಬಾಕ್ಸಿಂಗ್ ಬಿ.ಎಲ್.ಆರ್. ಫೌಂಡೇಶನ್ ಈ ಬೀದಿಯ ದುರಸ್ತಿ ಮತ್ತು ನಿರ್ವಹಣೆಗೆ ಮುಂದಾಯಿತು. ಕಲ್ಲು ಸರಿಪಡಿಸುವ, ಗೋಡೆ ಗೀಚುಗಳನ್ನು ಅಳಿಸುವ ಕೆಲಸ ನಡೆಯಿತು. ಬೀದಿ ಚೇತರಿಸಿಕೊಂಡದ್ದು ನಿಜ. ಆದರೆ ದತ್ತುವಿನ ವ್ಯವಸ್ಥೆಗೆ ಒಂದು ಮಿತಿ ಇದೆ. ದತ್ತು ತೆಗೆದುಕೊಂಡವರು ಕಲ್ಲು ಕೂರಿಸಬಹುದು, ಗಿಡ ನೆಡಬಹುದು, ಗುಡಿಸಬಹುದು. ಟ್ಯಾಂಕರನ್ನು ತಡೆಯಲು, ಗಾಡಿ ಎತ್ತಲು, ಅಗೆಯಲು ಬಂದ ಕಂಪನಿಗೆ ಇಲ್ಲ ಎನ್ನಲು ಅವರಿಗೆ ಅಧಿಕಾರವಿಲ್ಲ. ಕಲ್ಲು ಏಳುವುದು ಇದೇ ಮೂರು ಕಾರಣಕ್ಕೆ.

ಹೊರದೇಶಗಳ ವ್ಯಾಪಾರ ಕೇಂದ್ರಗಳಲ್ಲಿ ಇದಕ್ಕೆ ಬೇರೆ ದಾರಿ ಇದೆ. 1970ರಲ್ಲಿ ಟೊರೊಂಟೊದ ಬ್ಲೂರ್ ವೆಸ್ಟ್ ವಿಲೇಜಿನಲ್ಲಿ ಶುರುವಾದ ಪದ್ಧತಿ: ಬೀದಿಯ ಎಲ್ಲ ವ್ಯಾಪಾರಿಗಳ ಮೇಲೂ ಸ್ಥಳೀಯ ಆಡಳಿತವೇ ಸಣ್ಣ ಕರ ವಿಧಿಸಿ, ಆ ಹಣವನ್ನು ಅದೇ ಬೀದಿಯ ಮಂಡಳಿಗೆ ಕೊಡುತ್ತದೆ. ಚಂದಾ ಎತ್ತುವಾಗ ಹತ್ತು ಜನ ಕೊಟ್ಟು ತೊಂಬತ್ತು ಜನ ಪುಕ್ಕಟೆ ಲಾಭ ಪಡೆಯುವ ಸಮಸ್ಯೆ ಅಲ್ಲಿಲ್ಲ. ನಮ್ಮಲ್ಲಿ ಇಂಥದ್ದು ಬರುವವರೆಗೆ ಒಪ್ಪಂದ ಪತ್ರವನ್ನಾದರೂ ಬಿಗಿಯಾಗಿ ಬರೆಯಬೇಕು. ಸಡಿಲ ಕಲ್ಲಿನ ದೂರು ಬಂದ ಎಷ್ಟು ದಿನದೊಳಗೆ ಯಾರು ಸರಿಮಾಡಬೇಕು, ಕಲ್ಲು ಯಾರ ದಾಸ್ತಾನಿನಿಂದ, ಜಲಮಂಡಳಿ ಅಗೆದರೆ ಮರುಹಾಸುವ ಖರ್ಚು ಯಾರದ್ದು, ಭಾರದ ವಾಹನದ ಹೊತ್ತು ಯಾವುದು, ಟ್ರಾಫಿಕ್ ಪೊಲೀಸರು ಸಹಿ ಹಾಕಿದ್ದಾರೆಯೇ. ಕೊನೆಯದು ಇಲ್ಲದಿದ್ದರೆ ಉಳಿದವು ಕಾಗದದಲ್ಲೇ ಉಳಿಯುತ್ತವೆ.

ರಸ್ತೆ ಅಗೆತದ ಅನುಮತಿಗಳನ್ನು ಒಂದೇ ಕಡೆ ತರಲು ಪಾಲಿಕೆ ಮಾರ್ಕ್ಸ್ ಎಂಬ ಆನ್‌ಲೈನ್ ವ್ಯವಸ್ಥೆ ಮಾಡಿತ್ತು. ಟೆಂಡರ್‌ಶ್ಯೂರ್ ರಸ್ತೆಯ ಅರ್ಜಿ ಬಂದಾಗ ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಡಕ್ಟು ಇರುವಾಗ ಅಗೆಯುವುದೇಕೆ? ಡಕ್ಟು ತುಂಬಿದೆ ಎಂಬ ಉತ್ತರ ಬಂದರೆ ಮುಚ್ಚಳ ತೆಗೆದು ನೋಡಬೇಕು. ಸತ್ತ ಕೇಬಲ್‌ಗಳೇ ಅರ್ಧ ಜಾಗ ಹಿಡಿದಿರುವುದುಂಟು. ಅವನ್ನು ಎಳೆದು ತೆಗೆಸುವ ಕರಾರನ್ನು ಹೊಸ ಅನುಮತಿಗೆ ಸೇರಿಸಿದರೆ ಡಕ್ಟಿನಲ್ಲಿ ಜಾಗ ಹುಟ್ಟುತ್ತದೆ.

2025ರ ಸೆಪ್ಟೆಂಬರಿನಲ್ಲಿ ಬಿ.ಬಿ.ಎಂ.ಪಿ. ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದವು. ಚರ್ಚ್ ಸ್ಟ್ರೀಟ್ ಈಗ ಬೆಂಗಳೂರು ಕೇಂದ್ರ ನಗರ ಪಾಲಿಕೆಯ ವ್ಯಾಪ್ತಿಯಲ್ಲಿದೆ. ಹಳೆಯ ಒಪ್ಪಂದ, ನೆಲದಡಿಯ ನಕ್ಷೆ, ಚೇಂಬರುಗಳ ಪಟ್ಟಿ, ದಾಸ್ತಾನಿನ ಕಲ್ಲಿನ ಲೆಕ್ಕ ಹಳೆಯ ವಿಭಾಗದ ಬೀರುವಿನಿಂದ ಹೊಸ ಎಂಜಿನಿಯರರ ಮೇಜಿಗೆ ದಾಟುವುದು ಈಗಿನ ಮೊದಲ ಕೆಲಸ. ಎಂ.ಜಿ. ರಸ್ತೆಯಲ್ಲಿ ಗುಲಾಬಿ ಮಾರ್ಗದ ಸುರಂಗ ನಿಲ್ದಾಣ ತೆರೆದ ಮೇಲೆ ಎರಡು ಮಾರ್ಗಗಳ ಜನ ಇಲ್ಲಿ ಇಳಿಯುತ್ತಾರೆ. ಅದಕ್ಕೆ ಮುನ್ನ ನಿಲ್ದಾಣದಿಂದ ಬೀದಿಗೆ ಬರುವ ಕಿರುದಾರಿಗಳ ಚಪ್ಪಡಿ, ದೀಪ ಮತ್ತು ಮೋರಿಯ ಮುಚ್ಚಳಗಳನ್ನು ಒಮ್ಮೆ ಎಣಿಸಿ ಸರಿಪಡಿಸಬೇಕು. ಜಾಲರಿಯ ಸಂದು 12 ಮಿ.ಮೀ. ಮೀರದಂತೆ, ನಡೆಯುವ ದಿಕ್ಕಿಗೆ ಅಡ್ಡಲಾಗಿ ಇರಲಿ. ಉದ್ದಕ್ಕಿದ್ದರೆ ಗಾಲಿಕುರ್ಚಿಯ ಮುಂದಿನ ಚಕ್ರ ಸಿಕ್ಕಿಕೊಳ್ಳುತ್ತದೆ.